ಒಂದು ಗುಂಟೆಯನ್ನೂ ಮಾರದೆ ವಿದೇಶದಲ್ಲಿ ಸ್ನಾತಕೋತ್ತರ: ದುರ್ಗದ ಸೀಮೆಯವರಿಗೆ ಪೂರ್ಣ ವಿದ್ಯಾರ್ಥಿವೇತನದ ದಾರಿ

ಹೊಳಲ್ಕೆರೆಯ ಅಡಿಕೆ ತೋಟದ ಮನೆಯಲ್ಲಾಗಲಿ, ಹೊಸದುರ್ಗದ ತೆಂಗಿನ ಸೀಮೆಯಲ್ಲಾಗಲಿ, ಮಗಳೋ ಮಗನೋ ವಿದೇಶದಲ್ಲಿ ಓದುವ ಮಾತೆತ್ತಿದರೆ ಹೆತ್ತವರು ಮೊದಲು ಹಾಕುವ ಲೆಕ್ಕ ಎಷ್ಟು ಎಕರೆ ಕೈಬಿಡಬೇಕಾದೀತು ಎಂಬುದು. ಆ ಭಯ ಸುಳ್ಳಲ್ಲ. ಬ್ರಿಟನ್ನಿನ ಹೆಸರಾಂತ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ಎಂ.ಎಸ್ಸಿ. ಮುಗಿಸಲು ಶುಲ್ಕ, ಬಾಡಿಗೆ, ಊಟ, ವೀಸಾ, ವಿಮಾನ ಎಲ್ಲ ಸೇರಿ ಸುಮಾರು 35–40 ಲಕ್ಷ ರೂಪಾಯಿ ಬೇಕು. ಅಷ್ಟು ದೊಡ್ಡ ಸಾಲಕ್ಕೆ ಬ್ಯಾಂಕಿನವರು ಆಸ್ತಿಯ ಅಡಮಾನ ಕೇಳುತ್ತಾರೆ. ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರೆಲ್ಲ ಜಂಟಿಯಾಗಿರುವ ಹೊಲವನ್ನು ಅವರು ಒಪ್ಪುವುದೂ ಕಷ್ಟ. ಮಾತು ಅಲ್ಲಿಗೇ ನಿಲ್ಲುತ್ತದೆ.

ಅದೇ ಕೋರ್ಸಿನ ಶುಲ್ಕವನ್ನೂ ತಿಂಗಳ ಖರ್ಚನ್ನೂ ಹೋಗಿಬರುವ ಟಿಕೆಟ್ಟನ್ನೂ ಪೂರ್ತಿ ಭರಿಸುವ ವಿದ್ಯಾರ್ಥಿವೇತನಗಳು ಪ್ರತಿ ವರ್ಷ ಅರ್ಜಿ ಕರೆಯುತ್ತವೆ. ಬೆಂಗಳೂರು, ದೆಹಲಿ, ಪುಣೆಯ ಕಾಲೇಜುಗಳಲ್ಲಿ ಇವುಗಳ ಹೆಸರು ಮೊದಲ ವರ್ಷದಲ್ಲೇ ಮಕ್ಕಳ ಕಿವಿಗೆ ಬೀಳುತ್ತದೆ. ನಮ್ಮಲ್ಲಿ ಪದವಿ ಮುಗಿದು, ಕೆಲಸ ಹುಡುಕಿ ಸಾಕಾದ ಮೇಲೆ ಯಾರೋ ಹೇಳಿ ಗೊತ್ತಾಗುತ್ತದೆ. ಅಷ್ಟರಲ್ಲಿ ಆ ವರ್ಷದ ಗಡುವು ಮುಗಿದಿರುತ್ತದೆ. ರ‍್ಯಾಂಕ್ ಬಂದವರಿಗೆ ಮಾತ್ರ ಇದೆಲ್ಲ ಎಂದು ಕೈಚೆಲ್ಲುವವರೂ ಬಹಳ. ಪ್ರಥಮ ದರ್ಜೆಯ ಅಂಕ ಬೇಕು, ಹೌದು. ಆದರೆ ಅಂಕ ಬಾಗಿಲ ತನಕ ಮಾತ್ರ ಕರೆದೊಯ್ಯುತ್ತದೆ. ಒಳಗೆ ಗೆಲ್ಲಿಸುವವು ಎರಡು: ಸಮಯಕ್ಕೆ ಸಿದ್ಧವಾದ ಕಾಗದಪತ್ರ, ಮತ್ತು ನಿಮ್ಮೂರಿನಿಂದ ನೀವು ಹೊತ್ತು ತರುವ ಒಂದು ಗಟ್ಟಿಯಾದ ಪ್ರಶ್ನೆ.

‘ಪೂರ್ಣ’ ಎಂದರೆ ಏನೇನು?

ಜಾಹೀರಾತುಗಳಲ್ಲಿ ಸ್ಕಾಲರ್‌ಶಿಪ್ ಎಂಬ ಪದವನ್ನು ಧಾರಾಳವಾಗಿ ಬಳಸುತ್ತಾರೆ. ಶುಲ್ಕದಲ್ಲಿ ಮೂರು ಸಾವಿರ ಪೌಂಡ್ ರಿಯಾಯಿತಿ ಕೊಟ್ಟು ಅದನ್ನೇ ದೊಡ್ಡದಾಗಿ ಅಚ್ಚು ಹಾಕುವುದುಂಟು. ಅದನ್ನು ನಂಬಿ ಹೊರಟರೆ ಉಳಿದ ಮೂವತ್ತು ಲಕ್ಷಕ್ಕೆ ಮತ್ತೆ ತೋಟದ ಕಡೆಗೇ ನೋಡಬೇಕು. ಪೂರ್ಣ ವಿದ್ಯಾರ್ಥಿವೇತನ ಎನ್ನಬೇಕಾದರೆ ಬೋಧನಾ ಶುಲ್ಕ, ತಿಂಗಳ ಭತ್ಯೆ, ವಿಮಾನ ಪ್ರಯಾಣ, ವೀಸಾ ಮತ್ತು ಆರೋಗ್ಯ ವಿಮೆಯ ವೆಚ್ಚ ಇಷ್ಟೂ ಅದರಲ್ಲಿ ಸೇರಿರಬೇಕು. ಷರತ್ತುಗಳ ಪುಟದಲ್ಲಿ ಈ ಐದನ್ನೂ ಒಂದೊಂದಾಗಿ ಹುಡುಕಿ ಗುರುತು ಹಾಕಿಕೊಳ್ಳಿ. ಬ್ರಿಟನ್ನಿನಲ್ಲಿ ವಿದ್ಯಾರ್ಥಿ ವೀಸಾ ಜೊತೆಗೆ ಆರೋಗ್ಯ ಸೇವೆಗೆಂದೇ ವರ್ಷಕ್ಕೆ 776 ಪೌಂಡ್ ಮುಂಗಡ ಕಟ್ಟಬೇಕು. ಅದು ಯಾರ ಜೇಬಿನಿಂದ ಹೋಗುತ್ತದೆ ಎಂದು ಮೊದಲೇ ತಿಳಿದಿರಬೇಕು.

ಸಾಲದ ರೂಪದ ವಿದ್ಯಾರ್ಥಿವೇತನವೂ ಇದೆ. 1892ರಲ್ಲಿ ಆರಂಭವಾದ ಜೆ.ಎನ್. ಟಾಟಾ ಎಂಡೋಮೆಂಟ್ ಬಹಳ ಗೌರವದ ಹೆಸರು, ಆದರೆ ಅದು ಕೊಡುವುದು ತೀರಿಸಬೇಕಾದ ಸಾಲವನ್ನು. ಕೆ.ಸಿ. ಮಹೀಂದ್ರ ಟ್ರಸ್ಟಿನದು ಬಡ್ಡಿಯಿಲ್ಲದ ಸಾಲ. ಕೊರತೆ ತುಂಬಿಸಿಕೊಳ್ಳಲು ಇವು ಉಪಯುಕ್ತ. ಪೂರ್ಣ ನೆರವಿನ ಲೆಕ್ಕಕ್ಕೆ ಮಾತ್ರ ಸೇರಿಸಬಾರದು.

ನಮ್ಮದೇ ಸರ್ಕಾರಗಳ ಹಣ

ಚಿತ್ರದುರ್ಗ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಹೊಳಲ್ಕೆರೆ ವಿಧಾನಸಭಾ ಕ್ಷೇತ್ರವೂ ಹಾಗೆಯೇ. ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ನಾಯಕ ಸಮುದಾಯದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಇಂಥ ಸೀಮೆಯಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ಹೆಸರು ಹಳ್ಳಿಹಳ್ಳಿಗೂ ಗೊತ್ತಿರಬೇಕಿತ್ತು. 1954–55ರಿಂದ ನಡೆದುಬಂದಿರುವ ಈ ಯೋಜನೆಯನ್ನು ಈಗ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯ ನಡೆಸುತ್ತದೆ. ವರ್ಷಕ್ಕೆ 125 ಸ್ಥಾನ: 115 ಪರಿಶಿಷ್ಟ ಜಾತಿಯವರಿಗೆ, 6 ವಿಮುಕ್ತ, ಅಲೆಮಾರಿ ಮತ್ತು ಅರೆ ಅಲೆಮಾರಿ ಸಮುದಾಯಗಳಿಗೆ, 4 ಭೂರಹಿತ ಕೃಷಿ ಕೂಲಿಕಾರರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ. ಶೇ 30ರಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಬಾರದು, ವಯಸ್ಸು 35ರೊಳಗಿರಬೇಕು, ಅರ್ಹತಾ ಪರೀಕ್ಷೆಯಲ್ಲಿ ಶೇ 60 ಅಂಕ ಬೇಕು. ಶುಲ್ಕವನ್ನು ಸರ್ಕಾರವೇ ಕಟ್ಟುತ್ತದೆ. ಬದುಕಿನ ಖರ್ಚಿಗೆ ಅಮೆರಿಕದಲ್ಲಾದರೆ ವರ್ಷಕ್ಕೆ 15,400 ಡಾಲರ್, ಬ್ರಿಟನ್ನಿನಲ್ಲಾದರೆ 9,900 ಪೌಂಡ್. ಲಂಡನ್ನಿನಲ್ಲಿ ಆ ಪೌಂಡಿನಲ್ಲಿ ಬಿಗಿ ಹಿಡಿದು ಬದುಕಬೇಕಾಗುತ್ತದೆ. ಲೀಡ್ಸ್, ಗ್ಲಾಸ್ಗೋದಂಥ ಊರುಗಳಲ್ಲಿ ಸ್ವಲ್ಪ ಹಗುರ.

ಈ ಯೋಜನೆಯಲ್ಲಿ ನಮ್ಮ ಹುಡುಗರು ಎಡವುವ ಜಾಗ ಒಂದಿದೆ. ವಿಶ್ವವಿದ್ಯಾಲಯದ ಪ್ರವೇಶ ಪತ್ರ ಮೊದಲೇ ಕೈಯಲ್ಲಿರಬೇಕು, ಅದೂ ಷರತ್ತಿಲ್ಲದ ಪ್ರವೇಶ ಪತ್ರ. ವಿಶ್ವವಿದ್ಯಾಲಯ ಕ್ಯೂಎಸ್ ಜಾಗತಿಕ ಪಟ್ಟಿಯ ಮೊದಲ 500ರೊಳಗಿರಬೇಕು. ಮೇಲಿನ ಸ್ಥಾನದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕವರಿಗೆ ಆಯ್ಕೆಯಲ್ಲಿ ಆದ್ಯತೆ. ಅಂತಿಮ ಸೆಮಿಸ್ಟರ್ ಓದುತ್ತಿರುವಾಗ ಬರುವ ಪತ್ರದಲ್ಲಿ ‘ಅಂತಿಮ ಅಂಕಪಟ್ಟಿ ತಲುಪಿಸಬೇಕು’, ‘ಐಇಎಲ್‌ಟಿಎಸ್‌ನಲ್ಲಿ ಇಷ್ಟು ಬರಬೇಕು’ ಎಂಬ ಷರತ್ತು ಇದ್ದೇ ಇರುತ್ತದೆ. ಅದೆಲ್ಲ ತೀರಿ ಹೊಸ ಪತ್ರ ಬರುವ ತನಕ ಅರ್ಜಿ ಅಪೂರ್ಣ. ಆದ್ದರಿಂದ ಪದವಿ ಮುಗಿದ ವರ್ಷವೇ ಹೋಗಬೇಕೆಂದು ಹಟ ಹಿಡಿಯದೆ, ಒಂದು ವರ್ಷ ಕೆಲಸ ಮಾಡುತ್ತ, ಪೂರ್ಣ ಅಂಕಪಟ್ಟಿ ಮತ್ತು ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಕೈಯಲ್ಲಿಟ್ಟುಕೊಂಡು ಅರ್ಜಿ ಹಾಕುವುದು ಒಳ್ಳೆಯದು. ಆ ವರ್ಷ ವ್ಯರ್ಥವಲ್ಲ. ಮುಂದೆ ಹೇಳುವ ಹಲವು ವಿದ್ಯಾರ್ಥಿವೇತನಗಳಿಗೆ ಕೆಲಸದ ಅನುಭವ ಬೇಕೇಬೇಕು.

ಎರಡನೆಯ ತೊಡಕು ವಿಷಯದ್ದು. 2022ರ ಮಾರ್ಗಸೂಚಿಯಿಂದೀಚೆಗೆ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಹಾಗೂ ಭಾರತವನ್ನೇ ಕುರಿತ ಸಾಮಾಜಿಕ ಅಧ್ಯಯನಕ್ಕೆ ಈ ನೆರವು ಸಿಗುತ್ತಿಲ್ಲ. ದುರ್ಗದ ಪಾಳೆಯಗಾರರ ಬಗ್ಗೆಯೋ ನಮ್ಮ ಹಟ್ಟಿಗಳ ಬದುಕಿನ ಬಗ್ಗೆಯೋ ಹೊರಗೆ ಹೋಗಿ ಅಧ್ಯಯನ ಮಾಡಬೇಕೆಂಬ ದಲಿತ ವಿದ್ಯಾರ್ಥಿಗೆ ಈ ಬಾಗಿಲು ಮುಚ್ಚಿದಂತೆಯೇ. ಇದು ತಪ್ಪು ನಿರ್ಧಾರವೆಂದೇ ನನ್ನ ಅಭಿಪ್ರಾಯ. ತನ್ನ ಸಮುದಾಯದ ಚರಿತ್ರೆಯನ್ನು ಜಗತ್ತಿನ ದೊಡ್ಡ ಗ್ರಂಥಾಲಯಗಳಲ್ಲಿ ಕೂತು ಓದುವ ಅವಕಾಶ ಯಾರಿಗೆ ಹೆಚ್ಚು ಬೇಕೋ ಅವರಿಗೇ ತಪ್ಪಿದೆ. ಅಂಥವರು ಮುಂದೆ ವಿವರಿಸುವ ಕಾಮನ್‌ವೆಲ್ತ್, ಇನ್ಲ್ಯಾಕ್ಸ್, ಫೆಲಿಕ್ಸ್‌ಗಳ ಕಡೆ ನೋಡಬೇಕು. ಆಕ್ಸ್‌ಫರ್ಡ್, ರೆಡಿಂಗ್ ಮತ್ತು ಲಂಡನ್ನಿನ ಸೋಆಸ್‌ಗಳಲ್ಲಿ ಫೆಲಿಕ್ಸ್ ವಿದ್ಯಾರ್ಥಿವೇತನ ಹೆಚ್ಚಾಗಿ ಭಾರತೀಯರಿಗಾಗಿ ನಡೆದುಬಂದಿದೆ.

ಮೂರನೆಯದು ಹಣದ ಖಾತರಿ. 2025–26ರ ಸಾಲಿನಲ್ಲಿ ಆಯ್ಕೆಯಾದ 106 ಮಂದಿಯಲ್ಲಿ ಮೊದಲಿಗೆ 40 ಮಂದಿಗೆ ಮಾತ್ರ ತಾತ್ಕಾಲಿಕ ಮಂಜೂರಾತಿ ಪತ್ರ ಬಂತು. ಉಳಿದವರದ್ದು ಹಣ ಲಭ್ಯವಾದರೆ ಎಂದಾಯಿತು. ಆಯ್ಕೆಪಟ್ಟಿಯಲ್ಲಿ ಹೆಸರು ಬಂದಾಕ್ಷಣ ಇದ್ದ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ, ಬೇರೆ ಅರ್ಜಿಗಳನ್ನು ಹಿಂದಕ್ಕೆ ಪಡೆಯಬೇಡಿ.

ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಪ್ರತ್ಯೇಕ ಯೋಜನೆಯಿದೆ. ವರ್ಷಕ್ಕೆ ಕೇವಲ 20 ಸ್ಥಾನ, ಆದಾಯ ಮಿತಿ 6 ಲಕ್ಷ. ಇಡೀ ದೇಶಕ್ಕೆ ಇಪ್ಪತ್ತು ಎಂದರೆ ಬಹಳ ಕಡಿಮೆ. ಹಾಗೆಂದು ಅರ್ಜಿಯನ್ನೇ ಹಾಕದಿರುವುದು ಸರಿಯಲ್ಲ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳ ವಿದೇಶ ವ್ಯಾಸಂಗಕ್ಕೆಂದೇ ರೂಪುಗೊಂಡದ್ದು. ಕುಟುಂಬದ ಆದಾಯ ಹೆಚ್ಚಿದಂತೆ ನೆರವಿನ ಪ್ರಮಾಣ ಕಡಿಮೆಯಾಗುತ್ತದೆ. ಹಿಂದುಳಿದ ವರ್ಗಗಳು ಮತ್ತು ಅಲ್ಪಸಂಖ್ಯಾತರ ಇಲಾಖೆ, ನಿಗಮಗಳಲ್ಲೂ ವಿದೇಶ ವ್ಯಾಸಂಗದ ನೆರವು, ಸಾಲಗಳಿವೆ. ಇವುಗಳ ಅಧಿಸೂಚನೆ ವರ್ಷವರ್ಷ ಬದಲಾಗುವುದರಿಂದ ಚಿತ್ರದುರ್ಗದ ಜಿಲ್ಲಾ ಕಚೇರಿಗೆ ಖುದ್ದಾಗಿ ಹೋಗಿ, ಆ ವರ್ಷದ ಆದೇಶದ ಪ್ರತಿಯನ್ನೇ ಕೇಳಿ ಪಡೆದು ಓದಿ. ಬಾಯಿಮಾತಿನ ಉತ್ತರ ನಂಬಿ ವಾಪಸ್ ಬರಬೇಡಿ.

ಪರರ ನೆರವಿನಿಂದ ಹೊರಗೆ ಓದಿ ಬಂದ ಒಬ್ಬ ವಿದ್ಯಾರ್ಥಿ ಈ ದೇಶಕ್ಕೆ ಏನಾಗಬಲ್ಲ ಎಂಬುದಕ್ಕೆ ಸಾಕ್ಷಿ ಬೇರೆ ಬೇಕಿಲ್ಲ. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷಕ್ಕೆ ಕೊಟ್ಟ ವಿದ್ಯಾರ್ಥಿವೇತನದ ಮೇಲೆ ಅಂಬೇಡ್ಕರ್ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು.

ಜಾತಿ ನೋಡದೆ ಕರೆಯುವವು

ಬ್ರಿಟನ್ ಸರ್ಕಾರದ ಚೀವನಿಂಗ್ 1983ರಿಂದ ಇದೆ. ಒಂದು ವರ್ಷದ ಯಾವುದೇ ಸ್ನಾತಕೋತ್ತರ ಕೋರ್ಸಿಗೆ ಪೂರ್ಣ ವೆಚ್ಚ ಕೊಡುತ್ತದೆ. ಅರ್ಜಿ ಆಗಸ್ಟಿನಲ್ಲಿ ತೆರೆದು ಅಕ್ಟೋಬರ್ ಆಸುಪಾಸಿನಲ್ಲಿ ಮುಚ್ಚುತ್ತದೆ. 2,800 ಗಂಟೆಗಳ, ಅಂದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಬೇಕು. ಸಂಬಳದ ಕೆಲಸವೇ ಆಗಬೇಕೆಂದಿಲ್ಲ, ಸ್ವಯಂಸೇವೆ ಮತ್ತು ಇಂಟರ್ನ್‌ಶಿಪ್ ಕೂಡ ಎಣಿಕೆಗೆ ಬರುತ್ತವೆ. ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡಿದವಳು, ಸ್ವಯಂಸೇವಾ ಸಂಸ್ಥೆಯಲ್ಲಿ ಜಲಾನಯನ ಕೆಲಸ ಮಾಡಿದವನು ತಮ್ಮ ಗಂಟೆಗಳನ್ನು ಈಗಿನಿಂದಲೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ಷರತ್ತಿದೆ.

1959ರಲ್ಲಿ ಹುಟ್ಟಿದ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೂಲಕ ಕನ್ನಡಕ್ಕೆ ಬಂದ ಲಾಭ ದೊಡ್ಡದು. ತೀರ್ಥಹಳ್ಳಿ ಕಡೆಯ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ಅದರ ನೆರವಿನಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಹೋಗಿ 1966ರಲ್ಲಿ ಪಿಎಚ್.ಡಿ. ಪಡೆದರು, ‘ಸಂಸ್ಕಾರ’ ಕಾದಂಬರಿ ಬರೆದದ್ದೂ ಅಲ್ಲಿದ್ದಾಗಲೇ. ಈ ವಿದ್ಯಾರ್ಥಿವೇತನಕ್ಕೆ ಬ್ರಿಟನ್ನಿನ ಆಯೋಗದ ಅರ್ಜಿ ಒಂದು, ಭಾರತದಲ್ಲಿ ಶಿಕ್ಷಣ ಸಚಿವಾಲಯದ ಅರ್ಜಿ ಇನ್ನೊಂದು. ಒಂದನ್ನು ಹಾಕಿ ಇನ್ನೊಂದನ್ನು ಬಿಟ್ಟರೆ ಎರಡೂ ವ್ಯರ್ಥ. ಸ್ವಂತ ಖರ್ಚಿನಲ್ಲಿ ಬ್ರಿಟನ್ನಿನಲ್ಲಿ ಓದಲಾರೆ ಎಂಬುದು ಅರ್ಹತೆಯ ಷರತ್ತುಗಳಲ್ಲೇ ಒಂದು. ಬಡತನವನ್ನು ಬಚ್ಚಿಡಬೇಕಾದ ಅಗತ್ಯ ಇಲ್ಲಿಲ್ಲ.

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿದ ಗಿರೀಶ ಕಾರ್ನಾಡರು ಆಕ್ಸ್‌ಫರ್ಡ್‌ಗೆ ಹೋದದ್ದು ರೋಡ್ಸ್ ವಿದ್ಯಾರ್ಥಿವೇತನದಿಂದ. ಅದು ಭಾರತಕ್ಕೆ ವರ್ಷಕ್ಕೆ ಐದೇ ಐದು. ಜೂನ್–ಜುಲೈನಲ್ಲಿ ಅರ್ಜಿ, ವಯಸ್ಸಿನ ಮಿತಿ ಬಿಗಿ. ಪದವಿಯ ಕೊನೆಯ ವರ್ಷದಲ್ಲಿರುವವರು, ಈಗಷ್ಟೇ ಮುಗಿಸಿದವರು ನೋಡಬೇಕಾದದ್ದು.

ನಮ್ಮ ಜಿಲ್ಲೆಯ ಎಂಜಿನಿಯರಿಂಗ್, ವಿಜ್ಞಾನ ಪದವೀಧರರಿಗೆ ನಾನು ಮೊದಲು ಹೇಳುವ ಹೆಸರು ಎರಾಸ್ಮಸ್ ಮುಂಡುಸ್. ಐರೋಪ್ಯ ಒಕ್ಕೂಟ 2004ರಿಂದ ನಡೆಸುತ್ತಿರುವ ಇದರಲ್ಲಿ ಎರಡು ವರ್ಷದ ಓದು ಎರಡು ಮೂರು ದೇಶಗಳಲ್ಲಿ ನಡೆಯುತ್ತದೆ, ಆಯ್ಕೆಯಾದವರಿಗೆ ಶುಲ್ಕವಿಲ್ಲ, ತಿಂಗಳಿಗೆ 1,400 ಯೂರೋ ಕೈಗೆ ಬರುತ್ತದೆ. ಪ್ರಯಾಣ, ವೀಸಾ ಅದರಲ್ಲೇ ತೂಗಿಸಿಕೊಳ್ಳಬೇಕು. ಕೆಲಸದ ಅನುಭವ ಕಡ್ಡಾಯವಲ್ಲದ ಕೋರ್ಸುಗಳೇ ಹೆಚ್ಚು. ಅಕ್ಟೋಬರಿನಿಂದ ಜನವರಿಯೊಳಗೆ ಒಂದೊಂದು ಕೋರ್ಸಿಗೆ ಒಂದೊಂದು ಗಡುವು. ಅಂತರ್ಜಲವನ್ನೇ ಕೇಂದ್ರವಾಗಿಟ್ಟುಕೊಂಡ ಕೋರ್ಸೊಂದನ್ನು ಲಿಸ್ಬನ್, ಡೆಲ್ಫ್ಟ್, ಡ್ರೆಸ್ಡೆನ್ ನಗರಗಳ ಸಂಸ್ಥೆಗಳು ಸೇರಿ ನಡೆಸಿಕೊಂಡು ಬಂದಿವೆ. ಕೊಳವೆಬಾವಿ ಬತ್ತುವುದನ್ನು ಕಣ್ಣಾರೆ ಕಂಡ ಹಿರಿಯೂರಿನ ಸಿವಿಲ್ ಎಂಜಿನಿಯರ್‌ಗೆ ಇದಕ್ಕಿಂತ ಹತ್ತಿರದ ಓದು ಯಾವುದು!

ಜರ್ಮನಿಯ ಡಿಎಎಡಿ ಸಂಸ್ಥೆ ಅಭಿವೃದ್ಧಿಗೆ ಸಂಬಂಧಿಸಿದ ಸ್ನಾತಕೋತ್ತರ ಕೋರ್ಸುಗಳಿಗೆ ಎರಡು ವರ್ಷದ ಅನುಭವ ಕೇಳುತ್ತದೆ. ಪದವಿ ಪಡೆದು ಆರು ವರ್ಷ ಮೀರಿರಬಾರದು. ಅಮೆರಿಕಕ್ಕೆ ಫುಲ್‌ಬ್ರೈಟ್–ನೆಹರೂ ಮಾಸ್ಟರ್ಸ್ ಇದೆ. ಮೂರು ವರ್ಷದ ಅನುಭವ ಬೇಕು. ಸಾರ್ವಜನಿಕ ಆರೋಗ್ಯ, ಪರಿಸರ, ಪತ್ರಿಕೋದ್ಯಮ, ನಗರ ಯೋಜನೆಯಂಥ ವಿಷಯಗಳಿಗಷ್ಟೇ ಸೀಮಿತ. ಇನ್ಲ್ಯಾಕ್ಸ್ ಶಿವದಾಸಾನಿ ಪ್ರತಿಷ್ಠಾನ ಒಂದು ಲಕ್ಷ ಡಾಲರ್‌ವರೆಗೆ ಕೊಡುತ್ತದೆ, ಆದರೆ ಎಂಜಿನಿಯರಿಂಗ್, ಕಂಪ್ಯೂಟರ್ ವಿಜ್ಞಾನ, ವ್ಯವಹಾರ ನಿರ್ವಹಣೆಗೆ ಕೊಡುವುದಿಲ್ಲ. ಕಲೆ, ಸಮಾಜ ವಿಜ್ಞಾನ, ರಂಗಭೂಮಿಯವರಿಗೆ ಅದು ಒಳ್ಳೆಯ ದಾರಿ. ಸಾಣೇಹಳ್ಳಿಯ ರಂಗಶಾಲೆಯಲ್ಲಿ ಕಲಿತು ಪದವಿಯೂ ಇರುವವರು ಇದನ್ನು ನೆನಪಿಡಬೇಕು. ಜಪಾನಿನ ಮೆಕ್ಸ್ಟ್, ದಕ್ಷಿಣ ಕೊರಿಯಾದ ಜಿಕೆಎಸ್ ಕೂಡ ಪೂರ್ಣ ನೆರವಿನವೇ. ಹಂಗೇರಿಯ ಸ್ಟಿಪೆಂಡಿಯಂ ಹಂಗಾರಿಕಂನಲ್ಲಿ ಶುಲ್ಕವಿಲ್ಲ, ಆದರೆ ವಿಮಾನದ ಖರ್ಚು ನಿಮ್ಮದೇ, ಭತ್ಯೆಯೂ ಸಣ್ಣದು. ಇವುಗಳಿಗೆ ಪೈಪೋಟಿ ಇದ್ದರೂ ಹೆಸರು ಕೇಳಿದವರು ಕಡಿಮೆ.

ಮೂರು ವರ್ಷದ ಪದವಿಯ ತೊಡಕು

ನಮ್ಮ ಬಿ.ಎ., ಬಿ.ಎಸ್ಸಿ., ಬಿ.ಕಾಂ.ಗಳು ಮೂರು ವರ್ಷದವು. ಬ್ರಿಟನ್ನಿನಲ್ಲಿ ಇದಕ್ಕೆ ಅಡ್ಡಿಯಿಲ್ಲ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಹದಿನಾರು ವರ್ಷದ ಓದು ಕೇಳುತ್ತವೆ. ಫುಲ್‌ಬ್ರೈಟ್‌ಗೆ ನಾಲ್ಕು ವರ್ಷದ ಪದವಿ, ಇಲ್ಲವೇ ಮೂರು ವರ್ಷದ ಪದವಿಯ ಮೇಲೆ ಇಲ್ಲಿಯದೇ ಒಂದು ಸ್ನಾತಕೋತ್ತರ ಪದವಿ ಅಥವಾ ಪೂರ್ಣಾವಧಿ ಡಿಪ್ಲೊಮಾ ಇರಬೇಕು. 2021–22ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆಯನ್ನು ರಾಜ್ಯ ಸರ್ಕಾರ 2024–25ರಿಂದ ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ನಡುವಿನ ತಂಡಗಳಲ್ಲಿ ನಾಲ್ಕನೇ ವರ್ಷ ಓದಿದವರಿಗೆ ಆ ವರ್ಷ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೂರು ವರ್ಷ ಮುಗಿಸಿ ದಾವಣಗೆರೆ ವಿಶ್ವವಿದ್ಯಾಲಯದ ಜಿ.ಆರ್. ಹಳ್ಳಿ ಸ್ನಾತಕೋತ್ತರ ಕೇಂದ್ರದಲ್ಲಿ ಎಂ.ಎ., ಎಂ.ಎಸ್ಸಿ. ಓದುತ್ತಿರುವವರು ತಾವು ಆಗಲೇ ತಡವಾದೆವೆಂದು ಭಾವಿಸಬಾರದು. ಎರಡನೇ ಸ್ನಾತಕೋತ್ತರಕ್ಕೆ ನೆರವು ಕೊಡುವ ಸಂಸ್ಥೆಗಳು ಸಾಕಷ್ಟಿವೆ. ಅದೇ ವಿಷಯವನ್ನು ಯಾಕೆ ಮತ್ತೆ ಓದುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕಷ್ಟೆ.

ಪ್ರಬಂಧ: ನಿಮ್ಮೂರೇ ನಿಮ್ಮ ಬಲ

ಪ್ರತಿ ಅರ್ಜಿಯ ಜೀವ ಇರುವುದು ಒಂದೆರಡು ಪುಟದ ಬರವಣಿಗೆಯಲ್ಲಿ. ಯಾಕೆ ಈ ವಿಷಯ, ಯಾಕೆ ಈ ವಿಶ್ವವಿದ್ಯಾಲಯ, ಓದಿ ಏನು ಮಾಡುತ್ತೀರಿ ಎಂಬುದನ್ನು ಅದರಲ್ಲಿ ಹೇಳಬೇಕು. ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಬರೆಯುವುದು ಹೀಗೆ: ‘ನನಗೆ ಚಿಕ್ಕಂದಿನಿಂದ ವಿಜ್ಞಾನದಲ್ಲಿ ಆಸಕ್ತಿ. ಭಾರತದಲ್ಲಿ ನೀರಿನ ಸಮಸ್ಯೆ ಗಂಭೀರವಾಗಿದೆ. ನಿಮ್ಮ ಪ್ರತಿಷ್ಠಿತ ವಿಶ್ವವಿದ್ಯಾಲಯದಲ್ಲಿ ಓದಿ ದೇಶಸೇವೆ ಮಾಡುವಾಸೆ.’ ಇದನ್ನು ಪಾಟ್ನಾದವರೂ ಬರೆಯಬಹುದು, ನೈರೋಬಿಯವರೂ ಬರೆಯಬಹುದು. ಓದುವವರ ಮನಸ್ಸಿನಲ್ಲಿ ಒಂದು ಗೆರೆಯೂ ಮೂಡುವುದಿಲ್ಲ.

ಅದೇ ವಿದ್ಯಾರ್ಥಿನಿ ಹಿರಿಯೂರಿನವಳು ಎಂದುಕೊಳ್ಳಿ. ಅವಳ ಊರಿನ ಹತ್ತಿರ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರವಿದೆ. 1907ರಲ್ಲಿ ಮುಗಿದ ಅಣೆಕಟ್ಟು, ಜನರ ಬಾಯಲ್ಲಿ ಇಂದಿಗೂ ಮಾರಿಕಣಿವೆ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷದ ಮೇಲೆ. ಆ ವರ್ಷ ಅಚ್ಚುಕಟ್ಟಿನಿಂದ ದೂರವಿರುವ ಹಳ್ಳಿಗಳ ಕೊಳವೆಬಾವಿಗಳಲ್ಲಿ ನೀರು ಎಷ್ಟು ಮೇಲೆ ಬಂತು? ಬಂದದ್ದು ಎಷ್ಟು ತಿಂಗಳು ನಿಂತಿತು? ಫ್ಲೋರೈಡ್ ಹೆಚ್ಚಿರುವ ಕಡೆ ಅದರ ಪ್ರಮಾಣ ತಗ್ಗಿತೇ? ಈ ಪ್ರಶ್ನೆಗಳನ್ನು ಕೇಳಿ, ತನ್ನ ಊರಿನ ಹತ್ತು ಬಾವಿಗಳ ಆಳವನ್ನು ತಾನೇ ಅಳೆದು ಬರೆದಿಟ್ಟು, ಇದಕ್ಕೆ ಉತ್ತರಿಸಲು ನನಗೆ ಅಂತರ್ಜಲ ಮಾದರಿಗಳ ಕಲಿಕೆ ಬೇಕು, ಅದು ಈ ಕೋರ್ಸಿನ ಇಂಥ ಪತ್ರಿಕೆಯಲ್ಲಿದೆ ಎಂದು ಅವಳು ಬರೆದರೆ ಆ ಅರ್ಜಿಯನ್ನು ಪಕ್ಕಕ್ಕೆ ಇಡುವುದು ಸುಲಭವಲ್ಲ. ಹತ್ತು ಬಾವಿ ಅಳೆಯಲು ಹಣ ಬೇಕಿಲ್ಲ. ಹಗ್ಗ, ಅಳತೆ ಟೇಪು ಮತ್ತು ಭಾನುವಾರಗಳು ಸಾಕು. ನೆನಪಿರಲಿ, ಅಳೆಯದೆ ಅಳೆದೆ ಎಂದು ಬರೆದರೆ ಸಂದರ್ಶನದ ಎರಡನೇ ಪ್ರಶ್ನೆಗೇ ಅದು ಬಯಲಾಗುತ್ತದೆ.

ಇಂಥ ಪ್ರಶ್ನೆಗಳು ಜಿಲ್ಲೆಯ ಆರೂ ತಾಲ್ಲೂಕಿನಲ್ಲಿ ಬಿದ್ದಿವೆ. ದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ವಿದ್ಯುತ್ತು ಎಲ್ಲಿಗೆ ಹೋಗುತ್ತದೆ, ಜಮೀನು ಕೊಟ್ಟವರಿಗೆ ಎಷ್ಟು ಉಳಿಯುತ್ತದೆ? ಇದನ್ನು ಕೇಳುವ ವಿದ್ಯುತ್ ಎಂಜಿನಿಯರ್‌ಗೆ ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯವೂ ಡೆಲ್ಫ್ಟೂ ತಕ್ಕ ಜಾಗ. ಭೀಮಸಮುದ್ರದ ಕಡೆಯ ಗಣಿಗಾರಿಕೆಯ ಧೂಳು ತೋಟಗಳ ಮೇಲೆ ಕೂರುವುದನ್ನು ಕಂಡವರು ಪರಿಸರ ಆರೋಗ್ಯ ಓದಬಹುದು. ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳು ಹಟ್ಟಿಯ ಹೊರಗೆ ಕಳೆಯುವ ದಿನಗಳ ಬಗ್ಗೆ ಅದೇ ಸಮುದಾಯದ ಹೆಣ್ಣುಮಗಳು ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಬರೆದರೆ ಅದಕ್ಕಿರುವ ತೂಕ ಹೊರಗಿನವರ ವರದಿಗೆ ಎಂದೂ ಬರುವುದಿಲ್ಲ. ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ್ದರು. ಅದರ ಪಕ್ಕದಲ್ಲೇ ಆಡಿ ಬೆಳೆದ ಇತಿಹಾಸದ ವಿದ್ಯಾರ್ಥಿ ಸ್ಮಾರಕ ಸಂರಕ್ಷಣೆಯ ಕೋರ್ಸಿಗೆ ಅರ್ಜಿ ಹಾಕುವಾಗ ಆ ಮಾತು ಹೇಳದೆ ಇರಬಾರದು.

ಮೊದಲ ಕರಡನ್ನು ಕನ್ನಡದಲ್ಲೇ ಬರೆಯಿರಿ. ವಿಚಾರ ಕನ್ನಡದಲ್ಲಿ ಗಟ್ಟಿಯಾದ ಮೇಲೆ ಇಂಗ್ಲಿಷಿಗೆ ತನ್ನಿ. ಇಂಗ್ಲಿಷಿನಲ್ಲೇ ಶುರು ಮಾಡಿದರೆ ಗೊತ್ತಿರುವ ನಾಲ್ಕು ಸವಕಲು ವಾಕ್ಯಗಳ ಸುತ್ತ ಸುತ್ತುತ್ತೇವೆ. ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಪ್ರಬಂಧಗಳೂ ಅದೇ ಸವಕಲು ವಾಕ್ಯಗಳವು. ಬರವಣಿಗೆ ಅರ್ಜಿದಾರರದ್ದೇ ಆಗಿರಬೇಕೆಂಬ ಷರತ್ತನ್ನು ಸಂಸ್ಥೆಗಳು ಹಾಕುತ್ತವೆ. ವ್ಯಾಕರಣ ತಿದ್ದಿಸಿಕೊಳ್ಳಿ, ಮಾತು ಮಾತ್ರ ನಿಮ್ಮದಿರಲಿ.

ಕಾಗದಪತ್ರ

ಬಹಳ ಅರ್ಜಿಗಳು ಕೆಡುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಒಂದು ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಪದವಿ ಪ್ರಮಾಣಪತ್ರದಲ್ಲಿ ಕಾಗುಣಿತವೇ ಬೇರೆ. ಪಾಸ್‌ಪೋರ್ಟಿಗೆ ಇನಿಷಿಯಲ್ ನಡೆಯದು, ವಿಸ್ತರಿಸಿ ಬರೆಯಬೇಕು. ಅದರಲ್ಲಿ ‘ಗಿವನ್ ನೇಮ್’ ಜಾಗ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಆ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಅಚ್ಚಾಗಿ ಬರುತ್ತದೆ, ಅದರ ತೊಂದರೆ ಬ್ಯಾಂಕ್ ಖಾತೆಯ ತನಕ ಹಿಂಬಾಲಿಸುತ್ತದೆ. ಆದ್ದರಿಂದ ಎಲ್ಲಕ್ಕೂ ಮೊದಲು ಪಾಸ್‌ಪೋರ್ಟ್ ಮಾಡಿಸಿ. ಅದರಲ್ಲಿರುವ ಹೆಸರಿಗೆ ಉಳಿದ ದಾಖಲೆಗಳನ್ನು ಹೊಂದಿಸಿ, ಹೊಂದದ್ದಕ್ಕೆ ನೋಟರಿಯಿಂದ ಪ್ರಮಾಣಪತ್ರ ಮಾಡಿಸಿ ಇಟ್ಟುಕೊಳ್ಳಿ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತವೆ. ಕೇಂದ್ರದ ಯೋಜನೆಗೆ ಕೇಂದ್ರದ ನಮೂನೆಯಲ್ಲೇ, ಇಂಗ್ಲಿಷಿನಲ್ಲಿ ಬೇಕು. ಆದಾಯದ ದಾಖಲೆ ಅಧಿಸೂಚನೆ ಹೇಳಿದ ಆರ್ಥಿಕ ವರ್ಷದ್ದೇ ಆಗಿರಬೇಕು. ಅಂಕಗಳ ಟ್ರಾನ್‌ಸ್ಕ್ರಿಪ್ಟ್ ಪಡೆಯಲು 2009ಕ್ಕೆ ಮೊದಲು ಸೇರಿದವರು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ, ನಂತರದವರು ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯಕ್ಕೆ, ಎಂಜಿನಿಯರಿಂಗ್‌ನವರು ಬೆಳಗಾವಿಯ ವಿಟಿಯುಗೆ ಅರ್ಜಿ ಹಾಕಬೇಕು. ವಾರಗಳು ಹಿಡಿಯುವ ಕೆಲಸ. ಗಡುವಿನ ತಿಂಗಳಲ್ಲಿ ಓಡಿದರೆ ಆಗದು.

ಶಿಫಾರಸು ಪತ್ರಕ್ಕೆ ಪ್ರಾಂಶುಪಾಲರೇ ಬೇಕೆಂದಿಲ್ಲ. ನಿಮ್ಮ ಪ್ರಾಜೆಕ್ಟ್ ನೋಡಿದ ಉಪನ್ಯಾಸಕರ ಪತ್ರ, ಹೆಸರೂ ಗೊತ್ತಿಲ್ಲದ ಪ್ರಾಂಶುಪಾಲರ ಎರಡು ಸಾಲಿಗಿಂತ ಬೆಲೆಯುಳ್ಳದ್ದು. ವಿದೇಶಿ ವಿಶ್ವವಿದ್ಯಾಲಯಗಳು ಪತ್ರ ಬರೆಯುವವರ ಕಾಲೇಜಿನ ಇಮೇಲ್ ವಿಳಾಸ ಕೇಳುತ್ತವೆ. ಸರ್ಕಾರಿ ಪದವಿ ಕಾಲೇಜುಗಳ ಅನೇಕ ಮೇಷ್ಟ್ರುಗಳಿಗೆ, ಅತಿಥಿ ಉಪನ್ಯಾಸಕರಿಗೆ ಅಂಥ ವಿಳಾಸವಿರುವುದಿಲ್ಲ. ಹಾಗಿದ್ದರೆ ಕಾಲೇಜಿನ ಲೆಟರ್‌ಹೆಡ್, ಸಹಿ, ಮೊಹರು ಇರುವ ಪತ್ರ ಸಿದ್ಧಪಡಿಸಿ, ವಿಶ್ವವಿದ್ಯಾಲಯದ ಪ್ರವೇಶ ವಿಭಾಗಕ್ಕೆ ಮೊದಲೇ ಬರೆದು ಒಪ್ಪಿಗೆ ಪಡೆಯಿರಿ. ಮೇಷ್ಟ್ರ ಬಳಿ ಹೋಗುವಾಗ ‘ಸರ್, ಏನಾದರೂ ಬರೆದುಕೊಡಿ’ ಎನ್ನುವುದಕ್ಕಿಂತ ನಿಮ್ಮ ಪ್ರಾಜೆಕ್ಟಿನ ಸಾರಾಂಶ, ಅಂಕಪಟ್ಟಿ, ಕೋರ್ಸಿನ ವಿವರ ಒಯ್ಯಿರಿ. ಒಂದು ತಿಂಗಳಾದರೂ ಸಮಯ ಕೊಡಿ.

ಇಂಗ್ಲಿಷ್ ಪರೀಕ್ಷೆಗೆ ಬೆಂಗಳೂರಿಗೆ ಹೋಗಿ ಬರೆಯುವುದು ನಮ್ಮವರ ರೂಢಿ. ಸಾಮಾನ್ಯವಾಗಿ ಐಇಎಲ್‌ಟಿಎಸ್‌ನಲ್ಲಿ 6.5 ಕೇಳುತ್ತಾರೆ, ಫಲಿತಾಂಶಕ್ಕೆ ಎರಡು ವರ್ಷದ ಮಾನ್ಯತೆ. ಶುಲ್ಕ ಹದಿನೈದು ಸಾವಿರ ದಾಟುವುದರಿಂದ ಅರೆಬರೆ ತಯಾರಿಯಲ್ಲಿ ಹೋಗಬಾರದು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮಾತನಾಡುವ ಭಾಗಕ್ಕಿಂತ ಬರೆಯುವ ಭಾಗ ಕಠಿಣವಾಗುತ್ತದೆ. ಆರು ತಿಂಗಳು ದಿನಕ್ಕೊಂದು ಪುಟ ಬರೆದು ಯಾರಿಂದಲಾದರೂ ತಿದ್ದಿಸಿದರೆ ಅದು ದಾಟಬಹುದಾದ ಗುಡ್ಡವೇ. ಇಂಗ್ಲಿಷ್ ಮಾಧ್ಯಮದಲ್ಲಿ ಪದವಿ ಓದಿದವರಿಗೆ ಕಾಲೇಜಿನ ಮಾಧ್ಯಮ ಪ್ರಮಾಣಪತ್ರವನ್ನೇ ಒಪ್ಪುವ ವಿಶ್ವವಿದ್ಯಾಲಯಗಳು ಯುರೋಪಿನಲ್ಲಿವೆ. ಕೇಳಿ ನೋಡಿ, ದುಡ್ಡು ಉಳಿಯುತ್ತದೆ.

ಯಾವಾಗ ಏನು

ಸೆಪ್ಟೆಂಬರಿನಲ್ಲಿ ತರಗತಿಗೆ ಕೂರಬೇಕಾದರೆ ಹಿಂದಿನ ವರ್ಷದ ಮಾರ್ಚಿಗೇ ಕೆಲಸ ಶುರುವಾಗಬೇಕು. ಬೇಸಿಗೆಯಲ್ಲಿ ಪಾಸ್‌ಪೋರ್ಟ್, ಟ್ರಾನ್‌ಸ್ಕ್ರಿಪ್ಟ್, ಇಂಗ್ಲಿಷ್ ತಯಾರಿ. ಜೂನ್–ಜುಲೈನಲ್ಲಿ ಕೋರ್ಸುಗಳ ಆಯ್ಕೆ, ಮೇಷ್ಟ್ರುಗಳ ಭೇಟಿ, ಕನ್ನಡದ ಕರಡು. ಆಗಸ್ಟಿನಿಂದ ಜನವರಿಯವರೆಗೆ ಚೀವನಿಂಗ್, ಕಾಮನ್‌ವೆಲ್ತ್, ಎರಾಸ್ಮಸ್, ಹಂಗೇರಿ ಒಂದರ ಹಿಂದೊಂದು ಬರುತ್ತವೆ. ಈ ನಡುವೆ ವಿಶ್ವವಿದ್ಯಾಲಯಗಳಿಗೂ ಅರ್ಜಿ ಹೋಗುತ್ತಿರಬೇಕು. ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ಇನ್ಲ್ಯಾಕ್ಸ್, ಕೊರಿಯಾ, ಕೇಂದ್ರದ ಸಾಗರೋತ್ತರ ಯೋಜನೆಯ ಪ್ರಕಟಣೆಗಳ ಮೇಲೆ ಕಣ್ಣಿಟ್ಟಿರಬೇಕು. ಒಂದೇ ಅರ್ಜಿ ಹಾಕಿ ಕಾಯುವವರು ಮರುವರ್ಷಕ್ಕೂ ಕಾಯುತ್ತಾರೆ. ಐದಾರು ಕಡೆ ಹಾಕಬೇಕು. ಮೊದಲ ಸಲ ಬರದಿದ್ದರೆ ಅದೇ ಪ್ರಬಂಧವನ್ನು ಮತ್ತೆ ಕಳಿಸದೆ, ಆ ವರ್ಷ ಮಾಡಿದ ಕೆಲಸವನ್ನು ಸೇರಿಸಿ ಹೊಸದಾಗಿ ಬರೆಯಬೇಕು.

ಚೀವನಿಂಗ್, ಕಾಮನ್‌ವೆಲ್ತ್, ಫುಲ್‌ಬ್ರೈಟ್, ಎರಾಸ್ಮಸ್ ಯಾವುದಕ್ಕೂ ಅರ್ಜಿ ಶುಲ್ಕವಿಲ್ಲ, ಮಧ್ಯವರ್ತಿಯೂ ಬೇಕಿಲ್ಲ. ಸ್ಕಾಲರ್‌ಶಿಪ್ ಕೊಡಿಸುತ್ತೇನೆ, ಇಷ್ಟು ಮುಂಗಡ ಕೊಡಿ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕನ್ಸಲ್ಟೆನ್ಸಿಗಳಿಗೆ ಕೆಲವು ವಿಶ್ವವಿದ್ಯಾಲಯಗಳು ಸೇರಿಸಿದ ವಿದ್ಯಾರ್ಥಿಯ ತಲೆಗೆ ಇಂತಿಷ್ಟೆಂದು ಕಮಿಷನ್ ಕೊಡುತ್ತವೆ; ಆದ್ದರಿಂದ ಅವರು ತೋರಿಸುವ ಕಾಲೇಜು ನಿಮಗೆ ತಕ್ಕದ್ದೇ ಆಗಬೇಕೆಂದಿಲ್ಲ.

ಆಯ್ಕೆಯಾದ ಮೇಲೂ ಕೈಯಲ್ಲಿ ಸ್ವಲ್ಪ ಹಣ ಬೇಕಾಗುತ್ತದೆ. ವೀಸಾ ಶುಲ್ಕವನ್ನು ಮೊದಲು ನೀವು ಕಟ್ಟಿ ನಂತರ ವಾಪಸ್ ಪಡೆಯುವ ಸಂದರ್ಭಗಳಿವೆ. ಬ್ರಿಟನ್ನಿಗೆ ಹೋಗುವವರು ಬೆಂಗಳೂರಿನ ಅಧಿಕೃತ ಕೇಂದ್ರದಲ್ಲಿ ಕ್ಷಯರೋಗದ ತಪಾಸಣೆ ಮಾಡಿಸಬೇಕು. ಹೋದಮೇಲೆ ಬ್ಯಾಂಕ್ ಖಾತೆ ತೆರೆದು ಮೊದಲ ಭತ್ಯೆ ಬರುವ ತನಕ ಮೂರು ನಾಲ್ಕು ವಾರ ಕಳೆಯಬಹುದು, ಮನೆ ಬಾಡಿಗೆಗೆ ಮುಂಗಡ ಆಗಲೇ ಕೊಡಬೇಕಿರುತ್ತದೆ. ಎರಡು ಮೂರು ಲಕ್ಷ ರೂಪಾಯಿ ಕೈಯಲ್ಲಿದ್ದರೆ ಇದನ್ನು ನಿಭಾಯಿಸಬಹುದು. ಅಡಮಾನವಿಲ್ಲದ ಸಣ್ಣ ಶಿಕ್ಷಣ ಸಾಲಕ್ಕೆ ಆಯ್ಕೆ ಪತ್ರ ಹಿಡಿದು ಬ್ಯಾಂಕಿಗೆ ಹೋಗಿ; ಶಾಖೆಯವರು ಮೌಖಿಕವಾಗಿ ಆಗದು ಎಂದರೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಊರಿನ ಸಹಕಾರ ಸಂಘ, ನೆಂಟರಿಷ್ಟರ ಕೈಗಡ ಯಾವುದೇ ಆಗಲಿ, ಈ ಮೊತ್ತದ ಏರ್ಪಾಡು ಜೂನ್ ಹೊತ್ತಿಗೆ ಆಗಿರಬೇಕು. ಏಕೆಂದರೆ ವೀಸಾ ಅರ್ಜಿ ಹಾಕುವುದು ಜುಲೈನಲ್ಲಿ.